ಲೇತ್ ಮೇಲೆ ಸೈಜ್ ಯಾಕೆ ತಪ್ಪುತ್ತದೆ, ನಟ್ ಯಾಕೆ ಹತ್ತುವುದಿಲ್ಲ

ಪ್ರಶ್ನೆ: ನಾನು ಡಿಪ್ಲೊಮಾ ಮೆಕ್ಯಾನಿಕಲ್ ಎರಡನೇ ವರ್ಷದಲ್ಲಿದ್ದೇನೆ ಸರ್. ಮೆಷಿನ್ ಶಾಪ್ ಪ್ರಾಕ್ಟಿಕಲ್‌ಗೆ 32 ಮಿ.ಮೀ. ವ್ಯಾಸದ, 105 ಮಿ.ಮೀ. ಉದ್ದದ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ರಾಡ್ ಕೊಡುತ್ತಾರೆ. ಮುಗಿದ ಜಾಬ್ 100 ಉದ್ದ ಇರಬೇಕು. ಒಂದು ತುದಿಯಲ್ಲಿ 30 ವ್ಯಾಸಕ್ಕೆ 30 ಉದ್ದ ನರ್ಲಿಂಗ್ (ಒತ್ತಿ ಮೂಡಿಸುವ ವಜ್ರಾಕೃತಿಯ ಗುರುತು), ಆಮೇಲೆ 20 ಉದ್ದದಲ್ಲಿ 30ರಿಂದ 24ಕ್ಕೆ ಟೇಪರ್ (ಇಳಿಜಾರು), ಆಮೇಲೆ 24 ವ್ಯಾಸ (ಸಣ್ಣ ಎಚ್ 11 ಟಾಲರೆನ್ಸ್, ಅಂದರೆ ಅಳತೆ ತಪ್ಪಬಹುದಾದ ಮಿತಿ) 20 ಉದ್ದ, ಕೊನೆಯ 30ರಲ್ಲಿ ಎಂ20×2.5 ಥ್ರೆಡ್ (20 ವ್ಯಾಸ, ಗೆರೆಯಿಂದ ಗೆರೆಗೆ 2.5) ಮತ್ತು ಅದರ ಬುಡದಲ್ಲಿ 5 ಅಗಲದ, 16 ವ್ಯಾಸದ ಗ್ರೂವ್. ನನ್ನ ತೊಂದರೆ: 24.4 ಬಂದಾಗ ಡಯಲ್‌ನಲ್ಲಿ 8 ಗೆರೆ, ಅಂದರೆ 0.4 ಕೊಟ್ಟೆ, 23.6 ಆಗಿಹೋಯಿತು. ಟೇಪರ್‌ಗೆ ಸುಮಾರು 17 ಡಿಗ್ರಿ ಇಟ್ಟೆ, ಕಡಿದಾಗಿ ಬಂತು. ಥ್ರೆಡ್ ಮೊದಲ ಸಲ ಒಂದರ ಮೇಲೊಂದು ಗೆರೆ ಬಿದ್ದು ಹಾಳಾಯಿತು; ಎರಡನೇ ಸಲ ಸೂತ್ರದ ಪ್ರಕಾರ 1.53 ಡೆಪ್ತ್ ಕೊಟ್ಟರೂ ನಟ್ ಹತ್ತಲಿಲ್ಲ. ಪರೀಕ್ಷೆಗೆ ಮೂರು ಗಂಟೆ ಇದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಅಂಕಿಗಳಲ್ಲೇ ಕಾರಣ ಇದೆ. 0.4 ತೆಗೆಯಲು ಹೋಗಿ 0.8 ತೆಗೆದಿದ್ದೀರಿ. ಸುಮಾರು ಎಂಟೂವರೆ ಡಿಗ್ರಿ ಇಡಬೇಕಾದಲ್ಲಿ 17 ಇಟ್ಟಿದ್ದೀರಿ. ಎರಡೂ ಸರಿಯಾಗಿ ಇಮ್ಮಡಿ. ವ್ಯಾಸದ ಲೆಕ್ಕವನ್ನು ತ್ರಿಜ್ಯಕ್ಕೆ ಹಾಕಿದ್ದೀರಿ, ಅಷ್ಟೇ. ಥ್ರೆಡ್ ವಿಷಯ ಬೇರೆ. ಅಲ್ಲಿ ಸೂತ್ರವೂ ಸರಿ, ಗುಣಾಕಾರವೂ ಸರಿ. ಆ ಸೂತ್ರ ಯಾವ ತುದಿಯ ಟೂಲಿಗೆ ಎಂಬುದು ತಪ್ಪಿದೆ.

ಚಕ್‌ಗೆ (ರಾಡ್ ಹಿಡಿದು ತಿರುಗಿಸುವ ಭಾಗ) ರಾಡ್ ಹಾಕುವ ಮೊದಲು ಐದು ನಿಮಿಷ ಡ್ರಾಯಿಂಗ್ ನೋಡಿ. ಈ ಜಾಬಿನಲ್ಲಿ ಎಲ್ಲ ಅಳತೆಗೂ ಒಂದೇ ಬೆಲೆ ಇಲ್ಲ. ಟಾಲರೆನ್ಸ್ ಬರೆಯದ ಅಳತೆಗಳಿಗೆ ಭಾರತೀಯ ಮಾನಕ ಐಎಸ್ 2102ರ ಮಧ್ಯಮ ದರ್ಜೆ ಹಿಡಿದರೆ, 100 ಉದ್ದಕ್ಕೆ ±0.3, 20 ಮತ್ತು 30ರ ಅಳತೆಗಳಿಗೆ ±0.2 ಸಿಗುತ್ತದೆ. 24ರ ಸಣ್ಣ ಎಚ್ 11ಕ್ಕೆ ಸಿಗುವುದು ಮೇಲೆ ಸೊನ್ನೆ, ಕೆಳಗೆ 0.13: ಅಂದರೆ 24.00ರಿಂದ 23.87ರ ಒಳಗೆ ಎಲ್ಲಿ ಬಂದರೂ ಪಾಸ್. ಹುಡುಗರು ಸರಿಯಾಗಿ 24.00 ತರಲು ಹೆಣಗಾಡುತ್ತಾರೆ. ಅದು ಗಡಿಯ ಗೆರೆ. ಗುರಿ ಇಡಬೇಕಾದ್ದು ಮಧ್ಯಕ್ಕೆ, 23.94ರ ಆಸುಪಾಸಿಗೆ. ಆಗ ಎರಡೂ ಕಡೆ ಆರು ನೂರಾಂಶದಷ್ಟು ಜಾಗ ಉಳಿಯುತ್ತದೆ. ಉದ್ದವನ್ನು 100.00ಕ್ಕೆ ತರಲು ಫೇಸಿಂಗ್‌ನಲ್ಲಿ (ತುದಿಯ ಮುಖ ಸಮ ಮಾಡುವುದು) ಕಾಲು ಗಂಟೆ ಕಳೆಯುವುದು ದಂಡ.

ಈಗ ಡಯಲ್. ಟೂಲನ್ನು ಜಾಬ್ ಕಡೆಗೆ ತಳ್ಳುವ ಕ್ರಾಸ್ ಸ್ಲೈಡ್‌ನ ಸ್ಕ್ರೂ 5 ಮಿ.ಮೀ. ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) ಇದ್ದು ಡಯಲ್‌ನಲ್ಲಿ 100 ಗೆರೆ ಇದ್ದರೆ ಒಂದು ಗೆರೆಗೆ ಟೂಲ್ 0.05 ಮುಂದೆ ಹೋಗುತ್ತದೆ. ಜಾಬ್ ತಿರುಗುತ್ತಿರುವುದರಿಂದ ಎರಡೂ ಬದಿಯಲ್ಲಿ 0.05 ಹೋಗಿ ವ್ಯಾಸದಲ್ಲಿ 0.1 ಇಳಿಯುತ್ತದೆ. ನಿಮ್ಮ 8 ಗೆರೆಗೆ 0.8 ಹೋದದ್ದು ಹೀಗೆ. ಆದರೆ ಎಲ್ಲ ಲೇತ್‌ನಲ್ಲೂ ಹೀಗೆಯೇ ಎಂದು ಬಾಯಿಪಾಠ ಮಾಡಬೇಡಿ. ಕೆಲವು ಯಂತ್ರಗಳಲ್ಲಿ ಡಯಲ್ ನೇರವಾಗಿ ವ್ಯಾಸವನ್ನೇ ತೋರಿಸುತ್ತದೆ. ಒಂದೇ ಶಾಪ್‌ನಲ್ಲಿ ಎಚ್‌ಎಂಟಿ ಲೇತ್ ಪಕ್ಕದಲ್ಲಿ ಹರಿಹರದ ಹಳೆಯ ಕಿರ್ಲೋಸ್ಕರ್ ನಿಂತಿರಬಹುದು. ಪರೀಕ್ಷೆಯ ದಿನ ಯಾವುದು ನಿಮ್ಮ ಪಾಲಿಗೆ ಬರುತ್ತದೋ ಗೊತ್ತಿಲ್ಲ. ಆದ್ದರಿಂದ ಮೊದಲ ರಫ್ ಕಟ್‌ನಲ್ಲೇ ಪರೀಕ್ಷಿಸಿ. ಟೂಲ್ ಮುಟ್ಟಿಸಿ, ಡಯಲ್ ಸೊನ್ನೆ ಮಾಡಿ, 10 ಗೆರೆ ಕೊಟ್ಟು 10 ಮಿ.ಮೀ. ಉದ್ದ ಕಟ್ ಮಾಡಿ. ಮುಟ್ಟಿಸಿದ ವ್ಯಾಸಕ್ಕಿಂತ 1.0 ಇಳಿದಿದ್ದರೆ ಡಯಲ್ ತ್ರಿಜ್ಯದ್ದು, 0.5 ಇಳಿದಿದ್ದರೆ ವ್ಯಾಸದ್ದು. ಕಪ್ಪು ಸಿಪ್ಪೆ ಇರುವ ರಾಡ್ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ. ಒಂದು ಕಟ್ ತೆಗೆದ ನುಣುಪು ಮೈ ಮೇಲೆ ಮಾಡಿ.

ಡಯಲ್ ಜೊತೆಗೇ ಬರುವ ಇನ್ನೊಂದು ಕಾಟ ಬ್ಯಾಕ್‌ಲ್ಯಾಶ್. ಹಳೆಯ ಲೇತ್‌ನಲ್ಲಿ ಹ್ಯಾಂಡಲ್ ಕಾಲು ಸುತ್ತು ತಿರುಗಿದರೂ ಸ್ಲೈಡ್ ಕದಲದೆ ಇರುವುದುಂಟು. ಒಂದು ಗೆರೆ ಹೆಚ್ಚು ಹೋಯಿತೆಂದು ಒಂದೇ ಗೆರೆ ಹಿಂದಕ್ಕೆ ತಿರುಗಿಸಿದರೆ ಡಯಲ್ ಹಿಂದೆ ಬರುತ್ತದೆ, ಟೂಲ್ ಅಲ್ಲೇ ಇರುತ್ತದೆ. ಅರ್ಧ ಸುತ್ತು ಪೂರ್ತಿ ಹಿಂದೆ ಎಳೆದು, ಮತ್ತೆ ಒಳಗೆ ಬರುತ್ತಾ ಬೇಕಾದ ಗೆರೆಗೆ ನಿಲ್ಲಿಸಿ. ಸೈಜ್‌ಗೆ ಯಾವಾಗಲೂ ಒಂದೇ ದಿಕ್ಕಿನಿಂದ, ಒಳಮುಖವಾಗಿ ಬನ್ನಿ.

ಇಷ್ಟು ಸರಿ ಮಾಡಿಕೊಂಡರೂ ಕೊನೆಯ ಕಟ್‌ನಲ್ಲಿ 0.1 ಆಚೀಚೆ ಆಗುವವರು ಇದ್ದಾರೆ. ಸೈಜ್ ನಿರ್ಧಾರವಾಗುವುದು ಕೊನೆಯ ಕಟ್‌ನಲ್ಲಲ್ಲ, ಅದರ ಹಿಂದಿನದರಲ್ಲಿ. ಕಟ್ ಆಗುವಾಗ ಜಾಬ್, ಟೂಲ್, ಟೂಲ್ ಪೋಸ್ಟ್ ಎಲ್ಲವೂ ಸ್ವಲ್ಪ ಬಾಗುತ್ತವೆ. ಎಷ್ಟು ಬಾಗುತ್ತವೆ ಎಂಬುದು ಡೆಪ್ತ್ ಮತ್ತು ಫೀಡ್ (ಒಂದು ಸುತ್ತಿಗೆ ಟೂಲ್ ಉದ್ದಕ್ಕೆ ಸರಿಯುವಷ್ಟು) ಮೇಲೆ ನಿಂತಿದೆ. 1.5 ಮಿ.ಮೀ. ಡೆಪ್ತ್‌ನ ರಫ್ ಕಟ್ ಮುಗಿಸಿ ಅಳೆದು, ಅದರ ಆಧಾರದ ಮೇಲೆ 0.1ರ ಕಟ್ ಕೊಟ್ಟರೆ, ಹಿಂದಿನ ಕಟ್‌ನಲ್ಲಿ ಬಾಗಿ ಉಳಿದದ್ದೂ ಈ ಕಟ್‌ನಲ್ಲಿ ಸೇರಿಹೋಗುತ್ತದೆ. ಅದಕ್ಕೆ ಕೊನೆಯ ಎರಡು ಕಟ್ ಒಂದೇ ಅಳತೆಯವು ಇರಲಿ. ರಫಿಂಗ್ ಅನ್ನು 24.94ರ ಹತ್ತಿರ ನಿಲ್ಲಿಸಿ. ಇಳಿಸಬೇಕಾದ್ದು 1.0. ಅದರ ಅರ್ಧ, ವ್ಯಾಸದಲ್ಲಿ 0.5, ಅಂದರೆ ತ್ರಿಜ್ಯದ ಡಯಲ್‌ನಲ್ಲಿ 5 ಗೆರೆ ಕೊಟ್ಟು ಫಿನಿಶಿಂಗ್ ಫೀಡ್‌ನಲ್ಲೇ ಪೂರ್ತಿ ಉದ್ದ ಹೋಗಿ. ಕ್ರಾಸ್ ಸ್ಲೈಡ್ ಮುಟ್ಟದೆ ಕ್ಯಾರೇಜನ್ನು (ಟೂಲ್ ಹೊತ್ತು ಬೆಡ್ ಮೇಲೆ ಓಡುವ ಭಾಗ) ಮಾತ್ರ ಬಲಕ್ಕೆ ತಂದು, ಸ್ಪಿಂಡಲ್ ನಿಲ್ಲಿಸಿ ಅಳೆಯಿರಿ. 24.44 ಬರಬೇಕಿತ್ತು, 24.48 ಬಂತು ಎಂದುಕೊಳ್ಳಿ. ಈಗ ಇಳಿಸಬೇಕಾದ್ದು 0.54. ಅಷ್ಟನ್ನು ಅದೇ ಫೀಡ್, ಅದೇ ಸ್ಪೀಡ್‌ನಲ್ಲಿ ತೆಗೆಯಿರಿ. ಹಿಂದಿನ ಕಟ್‌ಗೂ ಇದಕ್ಕೂ ಬಾಗುವುದು ಹೆಚ್ಚುಕಡಿಮೆ ಒಂದೇ ಇರುವುದರಿಂದ ಸೈಜ್ ಎರಡು ಮೂರು ನೂರಾಂಶದೊಳಗೆ ಬಂದು ಕೂರುತ್ತದೆ.

ಭಯಕ್ಕೆ ಕೊನೆಗೆ 0.02, 0.03ರ ತೆಳು ಕಟ್ ಇಟ್ಟುಕೊಳ್ಳುವುದು ಇನ್ನೊಂದು ಕೆಟ್ಟ ಅಭ್ಯಾಸ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನ ಮೂತಿಗೆ ಸ್ವಲ್ಪ ದುಂಡಗಿನ ರೇಡಿಯಸ್ ಇರುತ್ತದೆ, ಅಂಚೂ ಅಷ್ಟೇನೂ ಚೂಪಿರುವುದಿಲ್ಲ. ಅಷ್ಟು ತೆಳ್ಳಗೆ ಅದು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಮೈ ಹೊಳೆಯುತ್ತದೆ, ಸೈಜ್ ಇಳಿಯುವುದಿಲ್ಲ. ಇನ್ನೊಂದು ಗೆರೆ ಕೊಟ್ಟಾಗ ಒಮ್ಮೆಲೇ ಕಚ್ಚಿ ಎರಡೂ ಸೇರಿ ಹೋಗುತ್ತದೆ.

ಅಳೆಯುವಾಗ ಬರ್ (ಅಂಚಿನ ಸಿಬಿರು) ಮತ್ತು ಚಿಪ್ಸ್ ಒರೆಸಿ, ವರ್ನಿಯರ್ ಜಾ (ದವಡೆ) ಓರೆಯಾಗದಂತೆ ಹಿಡಿಯಿರಿ. ಓರೆ ಹಿಡಿದರೆ ವ್ಯಾಸ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಇನ್ನಷ್ಟು ತೆಗೆದರೆ ಅಂಡರ್‌ಸೈಜ್. ಜಾ ಮುಚ್ಚಿ ಸೊನ್ನೆ ಸರಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಜಾಬ್ ಬಿಸಿ ಇತ್ತು, ತಣ್ಣಗಾದ ಮೇಲೆ ಕುಗ್ಗಿತು ಎಂಬ ಸಬೂಬು ವೈವಾದಲ್ಲಿ ಹೇಳಬೇಡಿ. ಉಕ್ಕಿನ ವಿಸ್ತರಣೆ ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್. 24 ವ್ಯಾಸ 40 ಡಿಗ್ರಿ ಬಿಸಿಯಾದರೂ ಹಿಗ್ಗುವುದು 0.0115 ಮಿ.ಮೀ. ಮಾತ್ರ. ಮೈಕ್ರೋಮೀಟರ್ ಕೆಲಸದಲ್ಲಿ ಅದು ಲೆಕ್ಕಕ್ಕೆ ಬರುತ್ತದೆ; 0.4 ತಪ್ಪಿಗೆ ಉತ್ತರವಾಗುವುದಿಲ್ಲ.

ಇನ್ನು ಕೆಲಸದ ಕ್ರಮ. ಮೂರು ಜಾ ಚಕ್‌ನಲ್ಲಿ ಜಾಬ್ ಬಿಚ್ಚಿ ಮತ್ತೆ ಹಾಕಿದರೆ ಸೆಂಟರ್ ಸ್ವಲ್ಪ ತಪ್ಪಿಯೇ ತಪ್ಪುತ್ತದೆ. ಹಾಗಾಗಿ ಒಂದಕ್ಕೊಂದು ಏಕಕೇಂದ್ರವಾಗಿರಬೇಕಾದ 24 ವ್ಯಾಸ, ಟೇಪರ್, ಥ್ರೆಡ್ ಮೂರನ್ನೂ ಒಂದೇ ಹಿಡಿತದಲ್ಲಿ ಮುಗಿಸಬೇಕು. ನರ್ಲಿಂಗ್ ತುದಿ ಮಾತ್ರ ಬೇರೆ ಹಿಡಿತದಲ್ಲಿ ಆದರೆ ನಷ್ಟವಿಲ್ಲ, ಆದ್ದರಿಂದ ಅದನ್ನು ಮೊದಲು ಮಾಡಿ ಮುಗಿಸಿ.

ರಾಡನ್ನು ಸುಮಾರು 50 ಹೊರಗೆ ಬಿಟ್ಟು ಹಿಡಿಯಿರಿ. ಫೇಸಿಂಗ್ ಮಾಡುವಾಗ ಮಧ್ಯದಲ್ಲಿ ಸಣ್ಣ ಮೊಳೆಯಂತೆ ಉಳಿದರೆ ಟೂಲ್ ಸೆಂಟರ್ ಎತ್ತರದಲ್ಲಿ ಇಲ್ಲ. ಪ್ಯಾಕಿಂಗ್ ಪಟ್ಟಿ ಬದಲಿಸಿ ಟೇಲ್ ಸ್ಟಾಕ್ (ಬಲ ತುದಿಯಲ್ಲಿ ಜಾಬಿಗೆ ಆಸರೆ ಕೊಡುವ ಭಾಗ) ಸೆಂಟರಿನ ತುದಿಗೆ ಸಮ ಮಾಡಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಟೂಲ್ ಎತ್ತರ ತಪ್ಪಿದರೆ ಮುಂದೆ ಟೇಪರ್ ನೇರ ಬರದೆ ಸಣ್ಣಗೆ ಬಾಗುತ್ತದೆ. ಟೂಲನ್ನು ಪೋಸ್ಟಿನಿಂದ ಹೊರಗೆ ಅದರ ದಪ್ಪದ ಒಂದೂವರೆ ಪಟ್ಟಿಗಿಂತ ಹೆಚ್ಚು ಚಾಚಬೇಡಿ.

ಸ್ಪೀಡ್: ಎಚ್‌ಎಸ್‌ಎಸ್ ಟೂಲಿಗೆ ಎಂಎಸ್ ಮೇಲೆ ನಿಮಿಷಕ್ಕೆ 25ರಿಂದ 30 ಮೀಟರ್ ಹಿಡಿಯಿರಿ. 28 ಎಂದರೆ, 28×1000 ÷ (3.14×32) = 278 ಆರ್‌ಪಿಎಂ. ಗೇರ್‌ನಲ್ಲಿ ಅಷ್ಟೇ ಇರುವುದಿಲ್ಲ, ಅದಕ್ಕಿಂತ ಕೆಳಗಿನದ್ದನ್ನು ಆರಿಸಿ. 24ಕ್ಕೆ ಬಂದಾಗ 370ರವರೆಗೆ ಹೋಗಬಹುದು. ರೆಕಾರ್ಡಿನಲ್ಲಿ ಕೇಳುವ ಮೆಷಿನಿಂಗ್ ಟೈಮ್ ಇದರಿಂದಲೇ ಬರುತ್ತದೆ: 70 ಉದ್ದ, ಸುತ್ತಿಗೆ 0.2 ಫೀಡ್, 278 ಆರ್‌ಪಿಎಂ ಇದ್ದರೆ ಒಂದು ಪಾಸಿಗೆ 70 ÷ (0.2×278), ಅಂದರೆ ಸುಮಾರು ಒಂದೂಕಾಲು ನಿಮಿಷ.

30 ವ್ಯಾಸವನ್ನು ನರ್ಲಿಂಗ್‌ಗೆ ಮೊದಲು 29.8ಕ್ಕೆ ಇಳಿಸಿ. ನರ್ಲಿಂಗ್ ರೋಲರ್ ಲೋಹವನ್ನು ಕತ್ತರಿಸುವುದಿಲ್ಲ, ಒತ್ತಿ ಎಬ್ಬಿಸುತ್ತದೆ, ಹಾಗಾಗಿ ವ್ಯಾಸ ಹೆಚ್ಚುತ್ತದೆ. ಸ್ಪೀಡ್ ಟರ್ನಿಂಗ್‌ನ ಕಾಲು ಭಾಗ, ಆಯಿಲ್ ಧಾರಾಳ. ರೋಲರ್‌ನ ಅರ್ಧ ಅಗಲ ಮಾತ್ರ ಜಾಬ್ ಅಂಚಿನ ಮೇಲೆ ಇಟ್ಟು ಮೊದಲ ಸುತ್ತಿನಲ್ಲೇ ಗಟ್ಟಿಯಾಗಿ ಒತ್ತಿ. ಹೆದರಿ ಮೆಲ್ಲಗೆ ಒತ್ತಿದರೆ ರೋಲರ್ ಎರಡನೇ ಸುತ್ತಿನಲ್ಲಿ ಮೊದಲ ಗುರುತಿಗೆ ಕೂರದೆ ನಡುವೆ ಹೊಸ ಗುರುತು ಹಾಕುತ್ತದೆ. ಆಮೇಲೆ ಎಷ್ಟು ಒತ್ತಿದರೂ ವಜ್ರಾಕೃತಿ ಬರುವುದಿಲ್ಲ, ಬರೀ ಗೀಚಿದ ಹಾಗೆ ಕಾಣುತ್ತದೆ.

ಜಾಬ್ ತಿರುಗಿಸಿ, ನರ್ಲಿಂಗ್ ಮೇಲೆ ತಾಮ್ರದ ಅಥವಾ ಅಲ್ಯೂಮಿನಿಯಂ ತಗಡು ಸುತ್ತಿ, 25 ಮಿ.ಮೀ. ಮಾತ್ರ ಜಾ ಒಳಗೆ ಹೋಗುವಂತೆ ಹಿಡಿಯಿರಿ. ಉಳಿದ 5 ಮಿ.ಮೀ. ಟೇಪರ್ ಮುಗಿಯುವಲ್ಲಿ ಟೂಲ್ ಚಕ್‌ಗೆ ಬಡಿಯದಿರಲು. ಫೇಸಿಂಗ್ ಮಾಡಿ 100ಕ್ಕೆ ತಂದು, 3.15 ಪೈಲಟ್ ಇರುವ ಸೆಂಟರ್ ಡ್ರಿಲ್ ಹಾಕಿ, ಟೇಲ್ ಸ್ಟಾಕ್ ಸೆಂಟರ್ ಕೊಡಿ. ತಿರುಗದ ಸೆಂಟರ್ ಆಗಿದ್ದರೆ ಗ್ರೀಸ್ ಮರೆಯಬೇಡಿ.

ಹೊರಗೆ ಕಾಣುವ ಪೂರ್ತಿ ಮೈಯನ್ನು 30ಕ್ಕೆ ಇಳಿಸಿ ಎರಡೂ ತುದಿ ಅಳೆಯಿರಿ. ಟೇಲ್ ಸ್ಟಾಕ್ ಕಡೆ 0.06 ದಪ್ಪ ಬಂದರೆ ಸೆಂಟರ್ ನಿಮ್ಮಿಂದ ಆಚೆಗೆ 0.03 ಸರಿದಿದೆ ಎಂದರ್ಥ. ಇಲ್ಲೂ ಅರ್ಧ ಮಾಡಬೇಕು ಎಂಬುದನ್ನು ಗಮನಿಸಿ. ಇನ್‌ಸ್ಟ್ರಕ್ಟರಿಗೆ ಹೇಳಿ ಸರಿ ಮಾಡಿಸಿಕೊಳ್ಳಿ. ಪರೀಕ್ಷೆಯ ದಿನ ಟೇಲ್ ಸ್ಟಾಕ್ ಸ್ಕ್ರೂಗೆ ನೀವೇ ಕೈ ಹಾಕಬೇಡಿ. ಆಮೇಲೆ ತುದಿಯಿಂದ 50 ಉದ್ದ 24ಕ್ಕೆ, ಅದರಲ್ಲಿ 30 ಉದ್ದ ಥ್ರೆಡ್‌ನ ಹೊರವ್ಯಾಸಕ್ಕೆ ಇಳಿಸಿ.

ಟೇಪರ್ ಸೂತ್ರ ನಿಮಗೆ ಗೊತ್ತಿದೆ, ಛೇದದ 2 ಬಿಟ್ಟುಹೋಗಿದೆ. ದೊಡ್ಡ ವ್ಯಾಸ 30ರಿಂದ ಸಣ್ಣದು 24 ಕಳೆದರೆ 6. ಅದನ್ನು 2×20, ಅಂದರೆ 40ರಿಂದ ಭಾಗಿಸಿದರೆ 0.15. ಟ್ಯಾನ್ 0.15 ಇರುವ ಕೋನ 8 ಡಿಗ್ರಿ 32 ನಿಮಿಷ. ನೀವು 6ನ್ನು 20ರಿಂದ ಭಾಗಿಸಿ 0.3 ಪಡೆದಿದ್ದೀರಿ, ಅದರ ಕೋನ 16 ಡಿಗ್ರಿ 42 ನಿಮಿಷ. ಕಾಂಪೌಂಡ್ ಸ್ಲೈಡ್ (ಕೋನಕ್ಕೆ ತಿರುಗಿಸಬಹುದಾದ ಮೇಲಿನ ಸ್ಲೈಡ್) ಜಾಬ್‌ನ ಒಂದು ಬದಿಯಲ್ಲಿ ಮಾತ್ರ ನಿಂತಿರುತ್ತದೆ, ಆದ್ದರಿಂದ ಅಕ್ಷದಿಂದ ಒಂದು ಬದಿಯ ಇಳಿಜಾರಷ್ಟೇ ಅದಕ್ಕೆ ಬೇಕು. ಇನ್ನೊಂದು ಎಡವಟ್ಟು: ಕೆಲವು ಲೇತ್‌ನಲ್ಲಿ ಡಿಗ್ರಿ ಪಟ್ಟಿಯ ಸೊನ್ನೆ ಕಾಂಪೌಂಡ್ ಬೆಡ್‌ಗೆ ಸಮಾನಾಂತರ ಇದ್ದಾಗ, ಕೆಲವಲ್ಲಿ ಅಡ್ಡ ಇದ್ದಾಗ. ಯಾವುದೆಂದು ಕಣ್ಣಿಂದ ನೋಡಿ ನಿಶ್ಚಯ ಮಾಡಿಕೊಂಡು ತಿರುಗಿಸಿ.

ಈ ಜಾಬಿನಲ್ಲಿ ದಪ್ಪ ತುದಿ ಚಕ್ ಕಡೆಗಿದೆ. ಹಾಗಾಗಿ ಕಾಂಪೌಂಡ್‌ನ ಎಡ ತುದಿ ನಿಮ್ಮ ಕಡೆಗೆ, ಹ್ಯಾಂಡಲ್ ಇರುವ ಬಲ ತುದಿ ಜಾಬ್ ಕಡೆಗೆ ಹೊರಳುತ್ತದೆ, ಆಗ ಹ್ಯಾಂಡಲ್ ಟೇಲ್ ಸ್ಟಾಕಿಗೆ ತಾಗುವ ಸಂಭವ ಜಾಸ್ತಿ. ಟೇಲ್ ಸ್ಟಾಕನ್ನು ಬಲಕ್ಕೆ ಸರಿಸಿ ಅದರ ಬ್ಯಾರಲ್ ಉದ್ದಕ್ಕೆ ಹೊರಗೆ ತಂದರೆ ಜಾಗ ಸಿಗುತ್ತದೆ. ಸಿಗದಿದ್ದರೆ ಟೇಪರ್‌ಗೆ ಮಾತ್ರ ಸೆಂಟರ್ ಹಿಂತೆಗೆದು ಸಣ್ಣ ಕಟ್‌ನಲ್ಲಿ ಮಾಡಿ; ಟೇಪರ್ ಇರುವುದು ಚಕ್‌ನ ಅಂಚಿನಿಂದ 5ರಿಂದ 25 ಮಿ.ಮೀ. ಒಳಗೆ, ಅಲ್ಲಿ ಜಾಬ್ ಗಟ್ಟಿಯಾಗೇ ಇರುತ್ತದೆ. ಥ್ರೆಡ್‌ಗೆ ಮೊದಲು ಸೆಂಟರ್ ಮತ್ತೆ ಕೊಡಿ. ಕಾಂಪೌಂಡ್‌ಗೆ 20.2 ಮಿ.ಮೀ. ಓಟ ಬೇಕು. ಟೂಲ್ ಮುಟ್ಟಿಸುವ ಮೊದಲೇ ಒಮ್ಮೆ ಒಣ ಓಟ ಓಡಿಸಿ ನೋಡಿ, ಕ್ಯಾರೇಜ್ ಲಾಕ್ ಮಾಡಿ.

ಡಿಗ್ರಿ ಪಟ್ಟಿಯಲ್ಲಿ 32 ನಿಮಿಷ ಕಾಣುವುದಿಲ್ಲ, ಎಂಟೂವರೆಗೆ ಕಣ್ಣಂದಾಜಿನಲ್ಲಿ ಇಡುತ್ತೀರಿ. ಕಾಲು ಡಿಗ್ರಿ ತಪ್ಪಿದರೂ 20 ಉದ್ದದಲ್ಲಿ ವ್ಯಾಸಕ್ಕೆ 0.18 ವ್ಯತ್ಯಾಸ ಬೀಳುತ್ತದೆ. ಡಯಲ್ ಗೇಜ್ ಸಿಕ್ಕರೆ ಟೂಲ್ ಪೋಸ್ಟಿಗೆ ಕಟ್ಟಿ, ಟೇಪರ್ ಕಟ್ ಮಾಡುವ ಮೊದಲು ಆ 30 ವ್ಯಾಸದ ಮೈಗೆ ಸೆಂಟರ್ ಎತ್ತರದಲ್ಲಿ ತಾಗಿಸಿ. ಆ 30ರ ಭಾಗ ಇರುವುದೇ 25 ಮಿ.ಮೀ., ಆದ್ದರಿಂದ ಕಾಂಪೌಂಡನ್ನು 20 ಮಿ.ಮೀ. ಓಡಿಸಿದರೆ ಸಾಕು: ಮುಳ್ಳು 2.97 ತೋರಿಸಿದರೆ ಕೋನ ಸರಿ.

ಥ್ರೆಡ್‌ಗೆ ಬಂದರೆ, ಅರ್ಧ ಕೆಲಸ ಮೊದಲೇ ಆಗಿರಬೇಕು. ಹೊರವ್ಯಾಸ ಸರಿಯಾಗಿ 20 ಬೇಡ, 19.85 ಇರಲಿ. ಸಾಮಾನ್ಯ ಬೋಲ್ಟ್ ದರ್ಜೆಯಾದ 6 ಸಣ್ಣ ಜಿಗೆ ಎಂ20×2.5ರ ಹೊರವ್ಯಾಸ 19.958ರಿಂದ 19.623ರವರೆಗೆ ನಡೆಯುತ್ತದೆ. ಗ್ರೂವ್ 16 ಇದೆ, ಥ್ರೆಡ್‌ನ ಬುಡದ ವ್ಯಾಸ 16.93, ಹಾಗಾಗಿ ಟೂಲ್ ಗ್ರೂವ್‌ನಲ್ಲಿ ಖಾಲಿ ಓಡುತ್ತದೆ. ತುದಿಯಲ್ಲಿ 2 ಮಿ.ಮೀ. 45 ಡಿಗ್ರಿ ಚೇಂಫರ್ (ಓರೆ ಅಂಚು) ಕೊಡಿ. ಟೂಲ್ 60 ಡಿಗ್ರಿ, ಮೇಲಿನ ಮುಖ ಚಪ್ಪಟೆ, ಸೆಂಟರ್ ಗೇಜ್ (60 ಡಿಗ್ರಿ ಕಚ್ಚು ಇರುವ ತಗಡು) ಜಾಬ್‌ಗೆ ಒತ್ತಿ ಹಿಡಿದು ಎರಡೂ ಬದಿಯ ಬೆಳಕಿನ ಸಂದು ಸಮ ಮಾಡಿ ಕೂರಿಸಿ. ಟೂಲ್ ಓರೆ ಕೂತರೆ ಥ್ರೆಡ್ ಒಂದು ಕಡೆಗೆ ವಾಲುತ್ತದೆ, ಡೆಪ್ತ್ ಸರಿ ಇದ್ದರೂ ನಟ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ.

ಗೇರ್ ಲೆಕ್ಕ ಸರಳ: ಜಾಬ್ ಪಿಚ್ ಭಾಗಿಸು ಲೀಡ್ ಸ್ಕ್ರೂ (ಥ್ರೆಡ್ ಕಟ್‌ಗೆ ಕ್ಯಾರೇಜನ್ನು ಓಡಿಸುವ ಉದ್ದ ಸ್ಕ್ರೂ) ಪಿಚ್ ಎಂದರೆ ಡ್ರೈವರ್ (ತಿರುಗಿಸುವ) ಗೇರಿನ ಹಲ್ಲು ಭಾಗಿಸು ಡ್ರಿವನ್ (ತಿರುಗುವ) ಗೇರಿನ ಹಲ್ಲು. ಲೀಡ್ ಸ್ಕ್ರೂ 6 ಮಿ.ಮೀ. ಇದ್ದರೆ 2.5/6, ಅಂದರೆ 25/60 ಅಥವಾ 50/120. ಇಂಚಿಗೆ 4 ಥ್ರೆಡ್ ಇರುವ ಹಳೆಯ ಲೀಡ್ ಸ್ಕ್ರೂ ಆದರೆ ಪಿಚ್ 6.35; 2.5/6.35 ಎಂದರೆ 50/127. ಈ 127 ಎಲ್ಲಿಂದ ಬಂತು ಎಂದು ವೈವಾದಲ್ಲಿ ಕೇಳಿಯೇ ಕೇಳುತ್ತಾರೆ: ಇಂಚಿಗೆ 25.4 ಮಿ.ಮೀ., ಅದನ್ನು ಪೂರ್ಣಾಂಕ ಮಾಡಲು 5ರಿಂದ ಗುಣಿಸಿದರೆ 127. ಆ ಚಕ್ರ ಕಳೆದುಹೋಗಿರುವ ಲೇತ್‌ಗಳಲ್ಲಿ 63/80 × 30/60 ಹಾಕಿದರೂ ನಡೆಯುತ್ತದೆ, 30 ಮಿ.ಮೀ. ಉದ್ದದಲ್ಲಿ ತಪ್ಪು 0.004 ಮಾತ್ರ. ಲಿವರ್‌ನಿಂದಲೇ ಪಿಚ್ ಬದಲಿಸುವ ನಾರ್ಟನ್ ಗೇರ್ ಬಾಕ್ಸ್ ಇದ್ದರೆ ಪ್ಲೇಟ್ ನೋಡಿ ಲಿವರ್ ಹಾಕಿದರೆ ಆಯಿತು. ಆದರೆ ಪಕ್ಕದ ಕವಚದೊಳಗಿನ ಚೇಂಜ್ ಗೇರ್‌ಗಳು ಆ ಪ್ಲೇಟಿಗೆ ಹೊಂದುವವೇ ಎಂದು ಇನ್‌ಸ್ಟ್ರಕ್ಟರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಮೊದಲ ಪಾಸ್ 0.05 ಮಾತ್ರ, ಗೀಚಿದ ಹಾಗೆ. ನಿಲ್ಲಿಸಿ ಸ್ಟೀಲ್ ರೂಲ್ ಇಡಿ. ಎಂಟು ಪಿಚ್‌ಗೆ 20 ಮಿ.ಮೀ. ಬರಬೇಕು. ಬರದಿದ್ದರೆ ಇಲ್ಲೇ ಗೊತ್ತಾಗುತ್ತದೆ, ಜಾಬ್ ಇನ್ನೂ ಉಳಿದಿರುತ್ತದೆ.

ಒಂದರ ಮೇಲೊಂದು ಗೆರೆ ಬಿದ್ದದ್ದಕ್ಕೆ ಕಾರಣ ನೀವು ಪ್ರತಿ ಪಾಸಿನ ಕೊನೆಗೆ ಹಾಫ್ ನಟ್ (ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಕಚ್ಚಿಸುವ ನಟ್) ಬಿಡಿಸಿ, ಕ್ಯಾರೇಜನ್ನು ಕೈಯಿಂದ ತಂದು, ಸಿಕ್ಕಲ್ಲಿ ಮತ್ತೆ ಹಾಕಿದ್ದು. 6 ಮಿ.ಮೀ. ಲೀಡ್ ಸ್ಕ್ರೂ ಮೇಲೆ 1, 1.5, 2, 3 ಪಿಚ್ ಕಟ್ ಮಾಡುವಾಗ ಹಾಫ್ ನಟ್ ಎಲ್ಲಿ ಹಾಕಿದರೂ ಟೂಲ್ ಹಳೆಯ ಗೆರೆಗೇ ಬರುತ್ತದೆ, ಏಕೆಂದರೆ 6 ಅವಕ್ಕೆ ನಿಶ್ಶೇಷವಾಗಿ ಭಾಗವಾಗುತ್ತದೆ. 2.5ಕ್ಕೆ ಭಾಗವಾಗುವುದಿಲ್ಲ. 2.5 ಮತ್ತು 6ರ ಲಸಾಅ 30. ಕ್ಯಾರೇಜ್ 30 ಮಿ.ಮೀ. ಸರಿದ ಕಡೆ ಮಾತ್ರ, ಅಂದರೆ ಲೀಡ್ ಸ್ಕ್ರೂ 5 ಸುತ್ತು, ಜಾಬ್ 12 ಸುತ್ತು ತಿರುಗಿದಾಗ ಮಾತ್ರ ಮತ್ತೆ ಹೊಂದುತ್ತದೆ. ಥ್ರೆಡ್ ಚೇಸಿಂಗ್ ಡಯಲ್ ಇದನ್ನೇ ತೋರಿಸುವುದು. ಡಯಲ್ ಇಲ್ಲದಿದ್ದರೆ, ಅಥವಾ ಇಂಚ್ ಲೀಡ್ ಸ್ಕ್ರೂ ಮೇಲೆ ಮೆಟ್ರಿಕ್ ಕಟ್ ಮಾಡುತ್ತಿದ್ದರೆ, ಒಮ್ಮೆ ಹಾಕಿದ ಹಾಫ್ ನಟ್ಟನ್ನು ಥ್ರೆಡ್ ಮುಗಿಯುವವರೆಗೆ ಮುಟ್ಟಲೇಬೇಡಿ. ಟೂಲ್ ಹೊರಗೆಳೆದು, ಸ್ಪಿಂಡಲ್ ನಿಲ್ಲಿಸಿ, ರಿವರ್ಸ್ ಕೊಟ್ಟು ಹಿಂದೆ ತನ್ನಿ.

ಟೂಲ್ ಹೊರಗೆಳೆಯದೆ ರಿವರ್ಸ್ ಕೊಟ್ಟರೆ ಗೇರುಗಳ ಸಡಿಲಿನಿಂದ ಟೂಲ್ ಹಳೆಯ ಗೆರೆಯಲ್ಲಿ ಹಿಂದೆ ಬರದೆ ಥ್ರೆಡ್‌ನ ಬದಿಯನ್ನು ಕೆರೆಯುತ್ತದೆ. ಹಿಂದೆ ತರುವಾಗಲೂ ಜಾಬ್ ತುದಿಯಿಂದ 8–10 ಮಿ.ಮೀ. ಆಚೆಗೆ ತಂದೇ ಮುಂದಿನ ಪಾಸ್ ಶುರು ಮಾಡಿ; ಆ ದೂರದಲ್ಲಿ ಸಡಿಲೆಲ್ಲ ತೀರಿರುತ್ತದೆ. ಚಕ್ ಸ್ಪಿಂಡಲ್‌ಗೆ ಥ್ರೆಡ್‌ನಿಂದ ಕೂತಿರುವ ಹಳೆಯ ಲೇತ್ ಆದರೆ ಪೂರ್ತಿ ನಿಂತ ಮೇಲೆಯೇ ರಿವರ್ಸ್ ಕೊಡಿ. ಓಡುತ್ತಿರುವಾಗಲೇ ಕೊಟ್ಟರೆ ಚಕ್ ಕಳಚಿಕೊಂಡು ಬರಬಹುದು.

ಸ್ಪೀಡ್ 60 ಆರ್‌ಪಿಎಂ ಮೀರಬೇಡಿ. ಕಾರಣ ಟೂಲಿನ ಬಾಳಿಕೆಗಿಂತ ಹೆಚ್ಚಾಗಿ ನಿಮ್ಮ ಕೈ. 60ರಲ್ಲಿ ಜಾಬ್ ಸೆಕೆಂಡಿಗೆ ಒಂದು ಸುತ್ತು, ಟೂಲ್ ಸೆಕೆಂಡಿಗೆ 2.5 ಮಿ.ಮೀ. ಓಡುತ್ತದೆ. 5 ಮಿ.ಮೀ. ಗ್ರೂವ್ ದಾಟಲು ಎರಡು ಸೆಕೆಂಡ್, ಅಷ್ಟರಲ್ಲಿ ಟೂಲ್ ಎಳೆದು ಲಿವರ್ ಹಾಕಬೇಕು. ಗ್ರೂವ್‌ನ ಆಚೆ ಗೋಡೆ ಮುಗಿಸಿದ 24ರ ಮೆಟ್ಟಿಲು. 200 ಆರ್‌ಪಿಎಂನಲ್ಲಿ ಸಿಗುವುದು 0.6 ಸೆಕೆಂಡ್. ಟೂಲ್ ಎಳೆಯುವಾಗ ಹ್ಯಾಂಡಲನ್ನು ಯಾವಾಗಲೂ ಪೂರ್ತಿ ಒಂದು ಸುತ್ತು ಹಿಂದೆ ತಿರುಗಿಸುವ ರೂಢಿ ಇಟ್ಟುಕೊಳ್ಳಿ. ಒಂದು ಸಲ ಒಂದು, ಇನ್ನೊಂದು ಸಲ ಎರಡು ಸುತ್ತು ಎಳೆದವರು ವಾಪಸ್ ಬರುವಾಗ ಒಂದು ಸುತ್ತು ಹೆಚ್ಚು ಒಳಗೆ ಹೋಗಿ 5 ಮಿ.ಮೀ. ಡೆಪ್ತ್‌ನಲ್ಲಿ ಟೂಲ್ ಮುರಿಯುತ್ತಾರೆ.

ಈಗ 1.53ರ ಪ್ರಶ್ನೆ. 0.6134 × 2.5 = 1.534 ಎಂಬ ಸೂತ್ರ ಥ್ರೆಡ್‌ನ ಬುಡ ದುಂಡಗಿರುವಾಗಿನ ಡೆಪ್ತ್. ಅಂದರೆ ಟೂಲಿನ ತುದಿಗೆ ಸುಮಾರು 0.36 ಮಿ.ಮೀ. ರೇಡಿಯಸ್ ಇದ್ದರೆ ಸರಿಯಾಗುತ್ತದೆ. ಕಾಲೇಜಿನಲ್ಲಿ ಗ್ರೈಂಡ್ ಮಾಡಿದ ಟೂಲಿನ ತುದಿ ಸೂಜಿಯಂತೆ ಚೂಪಾಗಿರುತ್ತದೆ. ಚೂಪು ಟೂಲ್ 1.53 ಒಳಗೆ ಹೋದಾಗ ಥ್ರೆಡ್‌ನ ತೋಡು ಇನ್ನೂ ಕಿರಿದು. ಥ್ರೆಡ್‌ನ ಹಲ್ಲು ದಪ್ಪ ಉಳಿದಿರುತ್ತದೆ, ನಟ್ ಒಳಗೆ ಬರುವುದಿಲ್ಲ. ಚೂಪು ಟೂಲಿಗೆ ಬೇಕಾದ ಡೆಪ್ತ್ 0.758 × 2.5, ಅಂದರೆ 1.89. ನಿಮ್ಮ ಹೊರವ್ಯಾಸ 19.85 ಇದ್ದರೆ ಆ ಮೈಯಿಂದ ಲೆಕ್ಕ ಹಾಕಿದಾಗ 1.82. ನೀವು ನಿಲ್ಲಿಸಿದ್ದು 1.53ಕ್ಕೆ. ಸುಮಾರು 0.3 ಬಾಕಿ ಇತ್ತು. ಟೂಲ್ ತುದಿಯನ್ನು ಎಣ್ಣೆ ಕಲ್ಲಿನ ಮೇಲೆ ಎರಡು ಸಲ ಸವರಿ ಸ್ವಲ್ಪ ದುಂಡು ಮಾಡಿಕೊಳ್ಳಿ, ತುದಿ ಬೇಗ ಉದುರುವುದೂ ತಪ್ಪುತ್ತದೆ. ಆಗ ಡೆಪ್ತ್ 1.53ಕ್ಕೂ 1.82ಕ್ಕೂ ನಡುವೆ ಎಲ್ಲೋ ಬರುತ್ತದೆ. ಎಲ್ಲಿ ಎಂಬುದನ್ನು ಡಯಲ್ ಹೇಳಲಾರದು, ನಟ್ ಹೇಳುತ್ತದೆ.

ಆದ್ದರಿಂದ ಡೆಪ್ತ್ ಹೀಗೆ ಕೊಡಿ: ಮೊದಲೆರಡು ಪಾಸ್ 0.25, ಆಮೇಲೆ 0.2, 0.15, 0.1, ಹೀಗೆ ಇಳಿಸುತ್ತಾ. ಒಳಗೆ ಹೋದಂತೆ ಟೂಲಿನ ಎರಡೂ ಬದಿ ಕತ್ತರಿಸುತ್ತದೆ, ಭಾರ ಹೆಚ್ಚುತ್ತದೆ, ಅದಕ್ಕೇ ಇಳಿಸುವುದು. ಮೈ ಹರಿದಂತೆ ಬಂದರೆ ಕಾಂಪೌಂಡನ್ನು ಅಕ್ಷಕ್ಕೆ ಸಮಾನಾಂತರ ಇಟ್ಟು, ಒಂದೊಂದು ಪಾಸಿಗೆ 0.05 ಎಡಕ್ಕೆ ಬಲಕ್ಕೆ ಸರಿಸಿದರೆ ಒಂದೊಂದು ಬದಿ ಮಾತ್ರ ಕಟ್ ಆಗುತ್ತದೆ. ಕೊನೆಯಲ್ಲಿ ಮಧ್ಯಕ್ಕೆ ತನ್ನಿ. ಟೇಪರ್‌ಗೆ ಇಟ್ಟ ಎಂಟೂವರೆ ಡಿಗ್ರಿಯಲ್ಲೇ ಕಾಂಪೌಂಡ್ ಬಿಟ್ಟಿದ್ದರೆ ಥ್ರೆಡ್ ಟೂಲ್ ಕೂರಿಸುವ ಮೊದಲು ಸೊನ್ನೆಗೆ ತಂದುಕೊಳ್ಳಿ. 1.5 ಆದ ಮೇಲೆ ಒಂದೊಂದೇ ಗೆರೆ, ಪ್ರತಿ ಸಲ ನಿಲ್ಲಿಸಿ, ಬರ್ ಒರೆಸಿ, ಸೆಂಟರ್ ಹಿಂತೆಗೆದು ನಟ್ ಹಾಕಿ ನೋಡಿ. ಜಾಬನ್ನು ಚಕ್‌ನಿಂದ ಮಾತ್ರ ಬಿಚ್ಚಬೇಡಿ. ನಟ್ ಅರ್ಧ ಸುತ್ತು ಹತ್ತಿ ನಿಂತರೆ ಡೆಪ್ತ್ ಹೆಚ್ಚಿಸದೆ ಎರಡು ಪಾಸ್ ಹಾಗೇ ಓಡಿಸಿ. ಬಾಗಿ ಉಳಿದದ್ದು ಹೋಗುತ್ತದೆ, ಎಷ್ಟೋ ಸಲ ಅಷ್ಟೇ ಸಾಕು.

ಮೆಟ್ರಾಲಜಿ ಲ್ಯಾಬ್‌ನ ಮೂರು ತಂತಿ ವಿಧಾನ ಇದೇ ಥ್ರೆಡ್ ಮೇಲೆ ಮಾಡಿ ರೆಕಾರ್ಡಿಗೆ ಹಾಕಬಹುದು. 2.5 ಪಿಚ್‌ಗೆ ಸರಿಹೊಂದುವ ತಂತಿ 0.577×2.5 = 1.443 ಮಿ.ಮೀ. ತಂತಿಗಳ ಮೇಲೆ ಮೈಕ್ರೋಮೀಟರ್ 20.50ಕ್ಕೂ 20.33ಕ್ಕೂ ನಡುವೆ ತೋರಿಸಿದರೆ ಪಿಚ್ ವ್ಯಾಸ 6 ಸಣ್ಣ ಜಿ ಮಿತಿಯೊಳಗಿದೆ.

ಮೂರು ಗಂಟೆಯಲ್ಲಿ ಥ್ರೆಡ್‌ಗೆ ಕಡೇಪಕ್ಷ 50 ನಿಮಿಷ ಮೀಸಲಿಡಿ. ಎರಡು ಗಂಟೆ ಆಗುವ ಹೊತ್ತಿಗೆ ಗ್ರೂವ್ ಮತ್ತು ಚೇಂಫರ್ ಮುಗಿದಿರಬೇಕು. ತಡವಾದರೆ ಟೇಪರ್‌ನ ನುಣುಪು ಬಿಟ್ಟುಕೊಡಿ, ಥ್ರೆಡ್ ಪಾಸ್‌ಗಳನ್ನು ಅವಸರ ಮಾಡಬೇಡಿ. 24 ಅಂಡರ್‌ಸೈಜ್ ಆಗಿಯೇ ಹೋದರೆ ಕೈಚೆಲ್ಲಿ ಕೂರಬೇಡಿ. ಉಳಿದ ಕೆಲಸ ಅದರ ಮೇಲೆ ನಿಂತಿಲ್ಲ, ಟೇಪರ್‌ನ ಸಣ್ಣ ತುದಿ ಸ್ವಲ್ಪ ಸರಿಯುತ್ತದೆ, ಥ್ರೆಡ್ ಪೂರ್ತಿ ಬೇರೆ.

ಕೈಗವಸು ಹಾಕಿ ಲೇತ್ ಹತ್ತಿರ ಹೋಗಬೇಡಿ, ತೋಳು ಮೇಲಕ್ಕೆ ಮಡಚಿ, ಚಕ್ ಕೀ ಕೈಯಲ್ಲಿರುವಾಗ ಸ್ಟಾರ್ಟ್ ಲಿವರ್ ಮುಟ್ಟಬೇಡಿ. ಚಿಪ್ಸ್ ತೆಗೆಯಲು ಕೊಕ್ಕೆ ಅಥವಾ ಬ್ರಷ್. ಅಂಚುಗಳ ಬರ್ ತೆಗೆಯಲು ತಿರುಗುವ ಜಾಬ್ ಮೇಲೆ ಫೈಲ್ ಹಿಡಿಯುವುದಾದರೆ ಹಿಡಿ ಇರುವ ಫೈಲ್, ಹಿಡಿ ಎಡಗೈಯಲ್ಲಿ. ಬಲಗೈಯಲ್ಲಿ ಹಿಡಿದರೆ ಎಡ ಮೊಣಕೈ ಚಕ್ ಮೇಲೆ ಬಾಗಿರುತ್ತದೆ. ರಿಜಿಸ್ಟರ್ ನಂಬರ್ ಪಂಚ್ ಮಾಡಲು ಹೇಳಿದರೆ ನರ್ಲಿಂಗ್ ಕಡೆಯ ಮುಖದ ಮೇಲೆ ಹೊಡೆಯಿರಿ. ಆ ಹೊಡೆತಕ್ಕೆ ಥ್ರೆಡ್ ತುದಿ ಬರಿ ಕಬ್ಬಿಣದ ಬೆಂಚಿಗೆ ತಾಗದಂತೆ ಕೆಳಗೆ ಮರದ ತುಂಡು ಇಟ್ಟುಕೊಳ್ಳಿ.